ಯಾವ ಮಲ್ಟಿವಿಟಮಿನ್ ತಗೊಂಡರೆ ಮುಟ್ಟು ಸರಿಹೋಗುತ್ತೆ?

ಎಂಟು ದಿನದ ಮುಟ್ಟು, ಸುಸ್ತು, ಕೂದಲು ಉದುರುವುದು, ಮುಂದಿನ ವರ್ಷ ಮದುವೆ. ಅಷ್ಟರೊಳಗೆ ಯಾವ ಮಲ್ಟಿವಿಟಮಿನ್ ಶುರು ಮಾಡಲಿ ಅಂತ ಕೇಳಿದ್ದೀರಿ. ಕೊನೆಯಲ್ಲಿ ಸುಮ್ನೆ ಒಂದು ಸಾಲು ಸೇರಿಸಿದ್ದೀರಿ: "ಹಸಿ ಅಕ್ಕಿ ತಿನ್ನುವುದು ಬಿಡೋಕೆ ಆಗ್ತಿಲ್ಲ." ಉಳಿದದ್ದೆಲ್ಲ ಇರಲಿ, ಆ ಒಂದು ಸಾಲಿಗಾಗಿ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನೂ ತಿನ್ನುತ್ತಿದ್ದೆ. ಮೊರದಲ್ಲಿ ಅಕ್ಕಿ ಆರಿಸುವಾಗ ಹಿಡಿ ಹಿಡಿ ಬಾಯಿಗೆ ಹೋಗುತ್ತಿತ್ತು. "ಮದುವೆ ದಿನ ಮಳೆ ಬರುತ್ತೆ ಕಣೇ" ಅಂತ ಅಮ್ಮ ಬೈಯುತ್ತಿದ್ದರು. ಮದುವೆಯಾಗಿ ಎರಡು ವರ್ಷವಾದರೂ ಬಿಡಲಿಲ್ಲ. ನಾನು ತಿಪಟೂರಿನ ಹತ್ತಿರ ಹೈಸ್ಕೂಲ್ ಟೀಚರ್. ಮಳೆ ಬಿದ್ದ ಮಣ್ಣಿನ ವಾಸನೆ, ಚಾಕ್‌ಪೀಸ್ ಡಬ್ಬಿಯ ವಾಸನೆ, ಎರಡಕ್ಕೂ ಬಾಯಲ್ಲಿ ನೀರೂರುತ್ತಿತ್ತು. ಇದು ಬರೀ ಚಟ ಅಂದುಕೊಂಡಿದ್ದೆ. ದೇಹದಲ್ಲಿ ಕಬ್ಬಿಣ ಬರಿದಾದಾಗ ಹೀಗೆ ಅಕ್ಕಿ, ಮಣ್ಣು, ಬಳಪ, ಐಸ್ ತಿನ್ನಬೇಕು ಅನ್ನಿಸುತ್ತದೆ ಅಂತ ಯಾರೂ ಹೇಳಿರಲಿಲ್ಲ. ಇದಕ್ಕೆ ಡಾಕ್ಟರುಗಳು ಪೈಕಾ ಅನ್ನುತ್ತಾರೆ.

2017ರಲ್ಲಿ ಮೆಟ್ಟಿಲು ಹತ್ತುವಾಗ ಎದೆ ಡವಡವ ಅನ್ನೋಕೆ ಶುರುವಾಯಿತು. ಬೋರ್ಡಿನ ಮುಂದೆ ನಿಂತು ಪಾಠ ಮಾಡುವಾಗ ಕಣ್ಣು ಕತ್ತಲೆ. ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ 8.4. ಗರ್ಭಿಣಿಯಲ್ಲದ ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಹತ್ತಿರದ ಡಾಕ್ಟರು ಒಂದು ಕಬ್ಬಿಣದ ಮಾತ್ರೆ, ಒಂದು ಕ್ಯಾಲ್ಸಿಯಂ ಮಾತ್ರೆ ಬರೆದುಕೊಟ್ಟರು. "ತಿಂಡಿ ಆದ ಮೇಲೆ ತಗೊಳ್ಳಿ" ಅಂದರು. ಅಷ್ಟೇ.

ಇಲ್ಲಿಂದ ನನ್ನ ತಪ್ಪು ಶುರು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಇದರಿಂದ ನನ್ನ ಎಂಟು ತಿಂಗಳು ಹೋಯಿತು.

ನಮ್ಮ ಮನೆಯಲ್ಲಿ ತಿಂಡಿ ಆದ ತಕ್ಷಣ ಕಾಫಿ. ಗಟ್ಟಿ ಹಾಲು ಹಾಕಿದ ಫಿಲ್ಟರ್ ಕಾಫಿ, ದೊಡ್ಡ ಲೋಟದಲ್ಲಿ. ನಾನು ಎರಡೂ ಮಾತ್ರೆಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ಆ ಕಾಫಿಯಲ್ಲೇ ನುಂಗುತ್ತಿದ್ದೆ. ನೀರು ಬೇರೆ ಯಾಕೆ, ಕಾಫಿ ಹೇಗೂ ಕುಡಿಯುತ್ತೇನಲ್ಲ ಅಂತ. ಒಂದು ದಿನವೂ ತಪ್ಪಿಸಲಿಲ್ಲ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದೆ. ಮಲ ಕಪ್ಪಗೆ ಹೋಗುತ್ತಿತ್ತು. ಅದನ್ನು ನೋಡಿ ಮಾತ್ರೆ ಚೆನ್ನಾಗಿ ಕೆಲಸ ಮಾಡ್ತಿದೆ ಅಂತ ಖುಷಿಪಟ್ಟೆ. ಮೈಗೆ ಸೇರದೆ ಹೊರಗೆ ಹೋಗುವ ಕಬ್ಬಿಣದಿಂದಲೇ ಮಲ ಕಪ್ಪಾಗುವುದು ಅಂತ ಆಮೇಲೆ ತಿಳಿಯಿತು.

ನಾಲ್ಕು ತಿಂಗಳ ನಂತರ 8.6. ಬ್ರ್ಯಾಂಡ್ ಬದಲಾಯಿಸಿದೆ. ಮತ್ತೆ ಬದಲಾಯಿಸಿದೆ. ದಾಳಿಂಬೆ, ಖರ್ಜೂರ, ಬೀಟ್‌ರೂಟ್ ಜ್ಯೂಸ್ ಎಲ್ಲ ಆಯಿತು. ಎಂಟು ತಿಂಗಳಾದಾಗ 8.9. "ಇವಳ ಮೈಗೆ ಔಷಧಿ ಹಿಡಿಯಲ್ಲ" ಅಂತ ಮನೆಯಲ್ಲಿ ತೀರ್ಮಾನವಾಯಿತು. ನಾನೂ ಒಪ್ಪಿಕೊಂಡೆ.

ಕೊನೆಗೆ ಸಹೋದ್ಯೋಗಿಯೊಬ್ಬರು ತುಮಕೂರಿನ ಒಬ್ಬ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವರು ರಿಪೋರ್ಟುಗಳನ್ನು ಪಕ್ಕಕ್ಕಿಟ್ಟು, "ಮಾತ್ರೆ ಹೇಗೆ ತಗೊಳ್ತೀಯಮ್ಮಾ? ಬೆಳಗ್ಗೆ ಎದ್ದಾಗಿನಿಂದ ಹೇಳು" ಅಂದರು. ಹೇಳಿದೆ. ಕಾಫಿ ಅಂದ ತಕ್ಷಣ ಪೆನ್ನು ಕೆಳಗಿಟ್ಟರು.

ಕಾಫಿ, ಟೀಯಲ್ಲಿರುವ ಪಾಲಿಫಿನಾಲ್ ಅನ್ನುವ ಅಂಶಗಳು ಹೊಟ್ಟೆಯಲ್ಲಿ ಕಬ್ಬಿಣವನ್ನು ಕಟ್ಟಿಹಾಕುತ್ತವೆ. ಕಟ್ಟಿಹಾಕಿದ ಕಬ್ಬಿಣ ಕರುಳಿನಿಂದ ಒಳಗೆ ಹೋಗುವುದಿಲ್ಲ. ಕ್ಯಾಲ್ಸಿಯಂ ಕೂಡ ಅಡ್ಡ ಬರುತ್ತದೆ. ನಾನು ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆ ಮೂರನ್ನೂ ಒಟ್ಟಿಗೆ ಸೇರಿಸಿ ಕಬ್ಬಿಣವನ್ನು ತಡೆಯುತ್ತಿದ್ದೆ. ಈಚೆಗೆ, 2023ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ ಕಬ್ಬಿಣದ ಕೊರತೆ ಇದ್ದ ಹೆಂಗಸರ ಮೇಲೆ ಇದನ್ನೇ ಅಳೆದು ನೋಡಿದರು. ನೀರಿನ ಜೊತೆ ನುಂಗಿದ್ದಕ್ಕೆ ಹೋಲಿಸಿದರೆ, ಕಾಫಿ ಜೊತೆ ನುಂಗಿದಾಗ ಮೈಗೆ ಸೇರುವ ಕಬ್ಬಿಣ ಅರ್ಧಕ್ಕಿಂತಲೂ ಕಡಿಮೆಯಾಯಿತು. ತಿಂಡಿಯೂ ಜೊತೆಗಿದ್ದರೆ ಇನ್ನೂ ಕಡಿಮೆ. ಅದನ್ನು ಓದಿದಾಗ ನನ್ನ ಕ್ಯಾಲೆಂಡರಿನ ಗುರುತುಗಳು ಕಣ್ಣ ಮುಂದೆ ಬಂದವು.

ಆ ಡಾಕ್ಟರು ಹೇಳಿಕೊಟ್ಟ ಕ್ರಮ ಇದು: ಬೆಳಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಗೆ, ನಿಂಬೆಹಣ್ಣು ಹಿಂಡಿದ ನೀರಿನಲ್ಲಿ ಕಬ್ಬಿಣದ ಮಾತ್ರೆ. ವಿಟಮಿನ್ ಸಿ ಕಬ್ಬಿಣ ಒಳಗೆ ಹೋಗೋಕೆ ಸಹಾಯ ಮಾಡುತ್ತದೆ. ತಿಂಡಿ ಒಂದು ಗಂಟೆ ಬಿಟ್ಟು. ಕಾಫಿ ಎರಡು ಗಂಟೆ ಬಿಟ್ಟು. ಕ್ಯಾಲ್ಸಿಯಂ ರಾತ್ರಿಗೆ. ಕಬ್ಬಿಣದ ಮಾತ್ರೆ ದಿನ ಬಿಟ್ಟು ದಿನ. ನನಗೆ ಗಾಬರಿಯಾಯಿತು. ಇಷ್ಟು ಕಡಿಮೆ ರಕ್ತ ಇರುವಾಗ ದಿನ ಬಿಟ್ಟು ದಿನ ಸಾಕಾ ಅಂತ ಕೇಳಿದೆ. ಒಂದು ಮಾತ್ರೆ ನುಂಗಿದ ಮೇಲೆ ಲಿವರ್ ಹೆಪ್ಸಿಡಿನ್ ಅನ್ನುವ ಹಾರ್ಮೋನ್ ಬಿಡುತ್ತದೆ. ಅದು ಸುಮಾರು ಒಂದು ದಿನ ಕಬ್ಬಿಣದ ಬಾಗಿಲು ಅರ್ಧ ಮುಚ್ಚಿಡುತ್ತದೆ. ಹಾಗಾಗಿ ಮಾತ್ರೆಯಿಂದ ಹೊಟ್ಟೆಯಲ್ಲಿ ಉರಿ ಬರುವವರು ದಿನಾ ನುಂಗಿ ಹೆಚ್ಚೇನೂ ಗಳಿಸುವುದಿಲ್ಲ ಅಂದರು. ನಿಮ್ಮ ಡಾಕ್ಟರು ದಿನಾ ತಗೊಳ್ಳಿ ಅಂದರೆ ಅದನ್ನೇ ಪಾಲಿಸಿ. ಕಾಫಿಯನ್ನು ಮಾತ್ರ ದೂರ ಇಡಿ.

ಆಮೇಲೆ ಅವರು ಎರಡನೇ ಪ್ರಶ್ನೆ ಕೇಳಿದರು. "ಎರಡನೇ ದಿನ ಎಷ್ಟು ಪ್ಯಾಡ್ ಬದಲಾಯಿಸ್ತೀಯಾ?"

ಒಂಬತ್ತು. ರಾತ್ರಿ ಎರಡು ಸಲ ಏಳುತ್ತಿದ್ದೆ. ಗಡ್ಡೆಗಡ್ಡೆಯಾಗಿ ಹೋಗುತ್ತಿತ್ತು. ಹದಿನಾಲ್ಕನೇ ವಯಸ್ಸಿನಿಂದ ಮುಟ್ಟಾಗುತ್ತಿದ್ದೇನೆ. ಅಷ್ಟು ವರ್ಷದಲ್ಲಿ ಈ ಪ್ರಶ್ನೆ ಕೇಳಿದ ಮೊದಲ ಮನುಷ್ಯರು ಅವರು. ಅಮ್ಮನಿಗೂ ಹೀಗೇ ಹೋಗುತ್ತಿತ್ತು, ಅಜ್ಜಿಗೂ ಹೀಗೇ. ಹೆಣ್ಣು ಅಂದ ಮೇಲೆ ಇದು ಇದ್ದದ್ದೇ ಅಂತ ಮನೆಯಲ್ಲಿ ಎಲ್ಲರೂ ನಂಬಿದ್ದೆವು.

ಅವರು ಚೀಟಿಯ ಹಿಂದೆ ಲೆಕ್ಕ ಬರೆದು ತೋರಿಸಿದರು. ನಾನು ಗಣಿತದ ಟೀಚರ್, ಆ ಲೆಕ್ಕ ಇವತ್ತಿಗೂ ನೆನಪಿದೆ. ಮಾಮೂಲಿ ಮುಟ್ಟಿನಲ್ಲಿ ಹೋಗುವ ರಕ್ತ ಒಟ್ಟು 30ರಿಂದ 40 ಮಿಲಿಲೀಟರ್. 80 ದಾಟಿದರೆ ಅದು ಜಾಸ್ತಿ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ. ಅಂದರೆ 80 ಮಿಲಿಲೀಟರ್ ಹೋದರೆ 40 ಮಿಲಿಗ್ರಾಂ ಕಬ್ಬಿಣ ಹೋಯಿತು. ಊಟದಿಂದ ಮೈ ದಿನಕ್ಕೆ ಹೀರಿಕೊಳ್ಳುವುದು ಒಂದೆರಡು ಮಿಲಿಗ್ರಾಂ. ಅದರಲ್ಲೂ ಒಂದು ಮಿಲಿಗ್ರಾಂ ದಿನಾ ಬೇರೆ ದಾರಿಯಲ್ಲಿ ಖರ್ಚಾಗುತ್ತದೆ. ತಿಂಗಳ ಕೊನೆಗೆ ಏನು ಉಳಿಯುತ್ತೆ ಹೇಳಿ. ವರ್ಷಗಟ್ಟಲೆ ಹೀಗಾದರೆ ಉಳಿತಾಯವೆಲ್ಲ ಬರಿದು. ಆ ಉಳಿತಾಯವನ್ನು ಅಳೆಯುವ ಪರೀಕ್ಷೆಯ ಹೆಸರು ಫೆರಿಟಿನ್. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಲ್ಲಿ 15ಕ್ಕಿಂತ ಕಡಿಮೆ ಇದ್ದರೆ ಕೊರತೆ. 30ಕ್ಕಿಂತ ಕಡಿಮೆ ಇದ್ದರೂ ತುಂಬ ಡಾಕ್ಟರುಗಳು ಚಿಕಿತ್ಸೆ ಕೊಡುತ್ತಾರೆ. ನನ್ನದು 6 ಇತ್ತು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ವಿಟಮಿನ್ ಕಡಿಮೆಯಾಗಿ ಮುಟ್ಟು ಎಂಟು ದಿನ ಬರ್ತಿದೆ, ವಿಟಮಿನ್ ತುಂಬಿಸಿದರೆ ಮುಟ್ಟು ಸರಿಹೋಗುತ್ತೆ ಅಂತ ನೀವು ಅಂದುಕೊಂಡಿದ್ದೀರಿ. ನಿಮ್ಮಂಥವರಲ್ಲಿ ಮತ್ತು ನನ್ನಂಥವರಲ್ಲಿ ಸಾಮಾನ್ಯವಾಗಿ ನಡೆಯುವುದು ಉಲ್ಟಾ. ಮುಟ್ಟೇ ನಿಮ್ಮ ಕಬ್ಬಿಣವನ್ನು ಖಾಲಿ ಮಾಡುತ್ತಿರಬೇಕು. ತಳ ತೂತಾದ ಕೊಡಕ್ಕೆ ಯಾವ ಬಾವಿ ನೀರು ಒಳ್ಳೇದು ಅಂತ ಕೇಳಿದರೆ ನಾನು ಏನು ಹೇಳಲಿ? ಮೊದಲು ತೂತು ಎಲ್ಲಿದೆ ಅಂತ ನೋಡಬೇಕು. ನನಗೆ ಸ್ಕ್ಯಾನ್ ಮಾಡಿದಾಗ ಗರ್ಭಕೋಶದ ಒಳಗೋಡೆಯಲ್ಲಿ ಎರಡು ಸೆಂಟಿಮೀಟರಿನ ಫೈಬ್ರಾಯ್ಡ್ ಗಡ್ಡೆ ಸಿಕ್ಕಿತು. ಕ್ಯಾನ್ಸರ್ ಅಲ್ಲ. ಆದರೆ ಇಷ್ಟು ಸಣ್ಣದೇ ಅಷ್ಟು ರಕ್ತ ಸುರಿಸುತ್ತಿತ್ತು. ಹೊಟ್ಟೆ ಕೊಯ್ಯದೆ, ಕೆಳಗಿನಿಂದಲೇ ತೆಗೆದರು. ಅಲ್ಲಿಯವರೆಗೆ ಮುಟ್ಟಿನ ದಿನಗಳಿಗೆ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಕೊಟ್ಟಿದ್ದರು. ಅದರಿಂದ ಹೋಗುವುದು ಸುಮಾರು ಅರ್ಧ ಕಡಿಮೆಯಾಯಿತು. ಅದನ್ನು ಅಂಗಡಿಯಲ್ಲಿ ಕೇಳಿ ತಗೊಳ್ಳಬೇಡಿ. ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಅದು ಅಪಾಯ.

ನಿಮಗೂ ಗಡ್ಡೆಯೇ ಇರಬೇಕು ಅಂತ ಇಲ್ಲ. ಥೈರಾಯ್ಡ್ ಕಡಿಮೆ ಇದ್ದರೂ ಜಾಸ್ತಿ ಹೋಗುತ್ತದೆ, ಸುಸ್ತಾಗುತ್ತದೆ, ಕೂದಲೂ ಉದುರುತ್ತದೆ. ಚಿಕ್ಕಂದಿನಿಂದಲೂ ಜಾಸ್ತಿ ಹೋಗುತ್ತಿದ್ದರೆ ಕೆಲವರಿಗೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ದೋಷ ಇರುತ್ತದೆ. ಇದನ್ನೆಲ್ಲ ನೋಡಬೇಕಾದವರು ಡಾಕ್ಟರು.

ಕೂದಲಿಗೆ ಅಂತ ಬಯೋಟಿನ್ ಅನ್ನುವ ವಿಟಮಿನ್ ಕೊಳ್ಳಬೇಡಿ, ದಯವಿಟ್ಟು. ಅದರ ಕೊರತೆ ತುಂಬ ಅಪರೂಪ. ದೊಡ್ಡ ಡೋಸಿನಲ್ಲಿ ತಗೊಂಡರೆ ಥೈರಾಯ್ಡ್ ರಿಪೋರ್ಟೇ ತಪ್ಪು ಬರಬಹುದು. ಈಗಾಗಲೇ ತಗೊಳ್ಳುತ್ತಿದ್ದರೆ ರಕ್ತ ಕೊಡುವ ಮುಂಚೆ ಡಾಕ್ಟರಿಗೆ ಹೇಳಿ.

ಮಲ್ಟಿವಿಟಮಿನ್ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಎಷ್ಟೋ ಮಾತ್ರೆಗಳಲ್ಲಿ ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಂದೇ ಗುಳಿಗೆಯೊಳಗೆ ಇರುತ್ತವೆ. ಕಬ್ಬಿಣ ಇದ್ದರೂ ಚೂರೇ ಚೂರು. ಸರ್ಕಾರ ಹೆಂಗಸರಿಗೆ ಕೊಡುವ ಕೆಂಪು ಮಾತ್ರೆಯಲ್ಲಿ, ಹೈಸ್ಕೂಲ್ ಮಕ್ಕಳಿಗೆ ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ನಮ್ಮ ಶಾಲೆಯಲ್ಲಿ ಕ್ಷೀರಭಾಗ್ಯದ ಹಾಲು ಬೆಳಗ್ಗೆ, ನೀಲಿ ಮಾತ್ರೆ ಮಧ್ಯಾಹ್ನದ ಊಟ ಆದ ಮೇಲೆ, ನೀರಿನಲ್ಲಿ. ನಾನೇ ಮುಂದೆ ನಿಂತು ಕೊಡಿಸುತ್ತೇನೆ. ಹುಡುಗಿಯರಿಗೆ ಪ್ಯಾಡಿನ ಲೆಕ್ಕವನ್ನೂ ಹೇಳಿಕೊಟ್ಟಿದ್ದೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ನೂರು ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ದೇಶದಲ್ಲಿ 57. ಇದು ನನ್ನ ತರಗತಿಯ ಅರ್ಧ ಬೆಂಚುಗಳು.

ಊಟದ ವಿಷಯಕ್ಕೆ ಬಂದರೆ, ಬೀಟ್‌ರೂಟ್ ಕೆಂಪಗಿದೆ ಅಂತ ರಕ್ತ ಆಗುವುದಿಲ್ಲ. 100 ಗ್ರಾಂನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇಲ್ಲ. ಹೆಂಗಸರಿಗೆ ದಿನಕ್ಕೆ ಬೇಕಾದದ್ದು 29 ಮಿಲಿಗ್ರಾಂ ಅಂತ ನಮ್ಮ ದೇಶದ ಪಟ್ಟಿ ಹೇಳುತ್ತದೆ. ರಾಗಿ ಒಳ್ಳೇದೇ, ಆದರೆ ಅದರ ದೊಡ್ಡ ಗುಣ ಕ್ಯಾಲ್ಸಿಯಂ. ರಾಗಿಯಲ್ಲಿರುವ ಫೈಟೇಟ್ ಅನ್ನುವ ಅಂಶ ಕಬ್ಬಿಣವನ್ನು ಹಿಡಿದಿಡುತ್ತದೆ. ಮೊಳಕೆ ಬರಿಸಿದರೆ ಅದು ಸ್ವಲ್ಪ ಕಡಿಮೆಯಾಗುತ್ತದೆ. ಹುರುಳಿಕಾಳು, ಎಳ್ಳು, ಸೊಪ್ಪು ಒಳ್ಳೆಯವು. ಜೊತೆಗೆ ನಿಂಬೆಹಣ್ಣೋ ನೆಲ್ಲಿಕಾಯಿಯೋ ಇರಲಿ. ನಮ್ಮ ಮನೆಯಲ್ಲಿ ಮುಟ್ಟಾದಾಗ ಹುರುಳಿ, ಎಳ್ಳು ಉಷ್ಣ ಅಂತ ಕೊಡುತ್ತಿರಲಿಲ್ಲ. ರಕ್ತ ಹೋಗುವ ದಿನಗಳಲ್ಲೇ ಕಬ್ಬಿಣದ ತಿನಿಸು ಬಂದ್! ನಾನು ಈಗ ಧಾರಾಳವಾಗಿ ತಿನ್ನುತ್ತೇನೆ. ಮಾಂಸ ತಿನ್ನುವವರಾದರೆ ನಿಮಗೆ ಸುಲಭ, ಮಾಂಸದ ಕಬ್ಬಿಣ ಬೇಗ ಸೇರುತ್ತದೆ. ನಾವು ಸಸ್ಯಾಹಾರಿಗಳು, ಹಾಗಾಗಿ ನನಗೆ ಬಿ12 ಕೂಡ ನೋಡಿದರು. ಕಡಿಮೆ ಇತ್ತು, ಅದನ್ನೂ ತುಂಬಿಸಿದರು.

ಮದುವೆಗೆ ಸಣ್ಣ ಆಗಬೇಕು ಅಂತ ಊಟ ಬಿಡಬೇಡಿ. ಹಾಸ್ಟೆಲಿನಲ್ಲಿ ನನ್ನ ಗೆಳತಿ ಹಾಗೆ ಮಾಡಿ ಐದು ತಿಂಗಳು ಮುಟ್ಟೇ ನಿಂತುಹೋಗಿತ್ತು. ಮೈಗೆ ಊಟ ಸಾಲದಾದಾಗ ಮೆದುಳು ಅಂಡಾಶಯಕ್ಕೆ ಕೊಡುವ ಸೂಚನೆ ನಿಲ್ಲಿಸಿಬಿಡುತ್ತದೆ. ಆಹಾರ ನೇರವಾಗಿ ಮುಟ್ಟನ್ನು ಅಲುಗಾಡಿಸುವುದು ಅಲ್ಲಿ.

ನನ್ನ ಕಥೆ ಮುಗಿಸುತ್ತೇನೆ. ಕ್ರಮ ಬದಲಾಯಿಸಿದ ಮೂರನೇ ವಾರ ಒಂದು ಭಾನುವಾರ ಅಕ್ಕಿ ಆರಿಸುತ್ತಿದ್ದೆ. ಮೊರ ಖಾಲಿಯಾದ ಮೇಲೆ ಹೊಳೆಯಿತು, ಒಂದು ಕಾಳೂ ಬಾಯಿಗೆ ಹಾಕಿರಲಿಲ್ಲ. ಎರಡು ತಿಂಗಳಿಗೆ ಹಿಮೋಗ್ಲೋಬಿನ್ 11.1. ಗಡ್ಡೆ ತೆಗೆದ ಮೇಲೆ 12.6. ಅಲ್ಲಿಗೆ ನಿಲ್ಲಿಸೋಕೆ ಅವರು ಬಿಡಲಿಲ್ಲ. ರಕ್ತ ಸರಿಯಾದ ಮೇಲೂ ಉಳಿತಾಯ ತುಂಬೋಕೆ ಮೂರು ತಿಂಗಳು ಮಾತ್ರೆ ತಗೊಳ್ಳಲೇಬೇಕು ಅಂದರು. ತಗೊಂಡೆ.

ನೀವು ಈ ತಿಂಗಳು ಮುಟ್ಟು ಶುರುವಾದ ದಿನದಿಂದ ಬರೆದಿಡಿ. ಯಾವ ದಿನ ಎಷ್ಟು ಪ್ಯಾಡ್, ಎಷ್ಟು ನೆನೆದಿತ್ತು, ರಾತ್ರಿ ಎದ್ದಿರಾ, ಹತ್ತು ರೂಪಾಯಿ ನಾಣ್ಯದಷ್ಟು ದೊಡ್ಡ ರಕ್ತದ ಗಡ್ಡೆ ಹೋಯಿತಾ. ಒಂದೆರಡು ಗಂಟೆಗೇ ಪ್ಯಾಡ್ ತುಂಬುತ್ತಿದ್ದರೆ ತಿಂಗಳು ಮುಗಿಯುವವರೆಗೂ ಕಾಯಬೇಡಿ. ಆ ಹಾಳೆ ತಗೊಂಡು ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ. ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್ ಮೂರೂ ಬೇಕಲ್ಲವಾ ಅಂತ ನೀವೇ ಕೇಳಿ. ಫೆರಿಟಿನ್ ನೋಡದೆ ತಿಂಗಳುಗಟ್ಟಲೆ ಕಬ್ಬಿಣ ನುಂಗಬೇಡಿ. ಥಲಸೀಮಿಯಾ ಅಂದರೆ ಅಪ್ಪ ಅಮ್ಮನಿಂದ ಮಕ್ಕಳಿಗೆ ಬರುವ ರಕ್ತದ ದೋಷ. ಅದರ ವಾಹಕರಿಗೂ ಹಿಮೋಗ್ಲೋಬಿನ್ ಕಡಿಮೆ ಇರಬಹುದು, ಅವರಿಗೆ ಕೊರತೆಯೇ ಇಲ್ಲದಿದ್ದರೆ ಕಬ್ಬಿಣದಿಂದ ಪ್ರಯೋಜನವಿಲ್ಲ. ಮದುವೆಗೆ ಮುಂಚೆ ಅದು ಗೊತ್ತಾದರೆ ಒಳ್ಳೇದೇ.

ಮದುವೆಯಾದ ಮೇಲೆ ಮಗು ಬೇಕು ಅಂದುಕೊಂಡರೆ ಫೋಲಿಕ್ ಆಸಿಡ್ ಮೊದಲೇ ಶುರು ಮಾಡಿ, ದಿನಕ್ಕೆ 400 ಮೈಕ್ರೋಗ್ರಾಂ. ಗರ್ಭ ನಿಂತ ಮೊದಲ 28 ದಿನದಲ್ಲೇ ಮಗುವಿನ ಬೆನ್ನುಹುರಿ ಆಗುವ ನಾಳ ಮುಚ್ಚಿಕೊಳ್ಳುತ್ತದೆ. ಆ ಹೊತ್ತಿಗೆ ತುಂಬ ಹೆಂಗಸರಿಗೆ ತಾವು ಗರ್ಭಿಣಿ ಅಂತಲೇ ಗೊತ್ತಿರುವುದಿಲ್ಲ. ಡಾಕ್ಟರ ಪರೀಕ್ಷೆಗೆ ಕಾಯದೆ ನಾನು ಹೆಸರು ಹಿಡಿದು ಹೇಳುವ ವಿಟಮಿನ್ ಇದೊಂದೇ.