ಹೆಪಟೈಟಿಸ್ ಬಿ ಇದೆ, ನಿಶ್ಚಿತಾರ್ಥವೂ ಆಗಿದೆ. ರಿಪೋರ್ಟ್ ನೆಗೆಟಿವ್ ಆಗುವ ತನಕ ಮನಸ್ಸನ್ನು ಹೇಗೆ ಗಟ್ಟಿ ಮಾಡಿಕೊಳ್ಳಲಿ? ಮದುವೆ ಬೇಡ ಅನ್ನಲಾ?

ನೆಗೆಟಿವ್ ಆಗುವ ತನಕ ಅಂದಿದ್ದೀರಲ್ಲ, ನನ್ನ ನಿದ್ದೆ ಹಾಳಾಗಿದ್ದೇ ಅದರಿಂದ.

ನಾನು ಉಡುಪಿ ಕಡೆಯವನು. ಗಲ್ಫ್ ಕೆಲಸಕ್ಕೆ ಮೆಡಿಕಲ್ ಮಾಡಿಸುವಾಗ ನನಗೂ ಈ ಲಿವರ್ ವೈರಸ್ ಇದೆ ಅಂತ ಗೊತ್ತಾಯಿತು. 'ಅನ್‌ಫಿಟ್' ಅಂತ ಕಾಗದ ಕೊಟ್ಟು ಕಳಿಸಿದರು, ಮುಂದೇನು ಅಂತ ಯಾರೂ ಹೇಳಲಿಲ್ಲ. ಮನೆಯಲ್ಲಿ ಕಾಮಾಲೆ ಅಂದುಕೊಂಡು ನೆಲನೆಲ್ಲಿ ರಸ ಕುಡಿಸಿ, ಪಥ್ಯ ಹಿಡಿಸಿದರು. ಅದರಿಂದ ಈ ವೈರಸ್ ಹೋಗಲ್ಲ, ಬಿಡಿ.

ನಾನು ಮಾಡಿದ ತಪ್ಪು ಬೇರೆ. ಎಚ್‌ಬಿಎಸ್‌ಎಜಿ ಟೆಸ್ಟ್ ಒಂದನ್ನೇ ಹಿಡಿದುಕೊಂಡು ಲ್ಯಾಬಿಂದ ಲ್ಯಾಬಿಗೆ ಅಲೆದೆ. ಉಡುಪಿಯಲ್ಲಿ ಪಾಸಿಟಿವ್ ಬಂದರೆ ಮಂಗಳೂರು, ಅಲ್ಲೂ ಬಂದರೆ ಬೆಂಗಳೂರು. ಪ್ರತಿ ಸಲ ರಿಪೋರ್ಟ್ ನೋಡಿ ವಾರಗಟ್ಟಲೆ ಯಾರ ಹತ್ತಿರವೂ ಮಾತಿಲ್ಲ. ಆ ಟೆಸ್ಟ್ ಹೇಳುವುದು ವೈರಸ್ ಇದೆಯೋ ಇಲ್ಲವೋ ಅಂತ ಅಷ್ಟೇ. ಆರು ತಿಂಗಳು ದಾಟಿ ಉಳಿದರೆ ಅದು ದೀರ್ಘಕಾಲದ ಸೋಂಕು, ಆಮೇಲೆ ಹೆಚ್ಚಿನವರಿಗೆ ಪಾಸಿಟಿವ್ ಆಗಿಯೇ ಇರುತ್ತದೆ, ಮಾತ್ರೆ ತಗೊಂಡು ಚೆನ್ನಾಗಿರುವವರಿಗೂ. ಲಿವರ್ ಹೇಗಿದೆ ಅಂತ ತಿಳಿಯಲು ಎಸ್‌ಜಿಪಿಟಿ ಅನ್ನುವ ಲಿವರಿನ ರಕ್ತ ಪರೀಕ್ಷೆ, ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ), ಸ್ಕ್ಯಾನ್ ಬೇಕು. ಅವನ್ನು ಮಾಡಿಸಲು ನನಗೆ ಹೆದರಿಕೆ. ಕೊನೆಗೆ ಮಾಡಿಸಿದಾಗ ಲೋಡ್ ಕಡಿಮೆ, ಲಿವರ್ ಸರಿಯಾಗಿದೆ, ಸದ್ಯ ಮಾತ್ರೆಯೂ ಬೇಡ, ಆರಾರು ತಿಂಗಳಿಗೆ ಬಂದು ತೋರಿಸಿ ಅಂದರು. ಅಷ್ಟಕ್ಕೆ ಅಷ್ಟೆಲ್ಲ ಒದ್ದಾಡಿದ್ದೆ!

ಸುಸ್ತು ಮಾತ್ರ ವಿಪರೀತ ಇತ್ತು. ಲಿವರಿನದ್ದೇ ಅಂದುಕೊಂಡಿದ್ದೆ, ಡಾಕ್ಟರ್ ಮನೋವೈದ್ಯರ ಹತ್ತಿರ ಕಳಿಸಿದರು, ಖಿನ್ನತೆ ಅಂತಾಯಿತು. ತಟ್ಟೆ ಲೋಟ ಬೇರೆ ಇಟ್ಟುಕೊಂಡಿದ್ದೆ ನೋಡಿ, ಯಾರೂ ಹೇಳದೆ ನಾನೇ. ಜೊತೆಗೆ ಉಂಡರೆ, ಮಗುವನ್ನು ಎತ್ತಿಕೊಂಡರೆ ಇದು ಅಂಟಲ್ಲ. ರೇಜರ್, ಟೂತ್‌ಬ್ರಷ್ ಬೇರೆ ಇರಲಿ, ಸಾಕು.

ಹಾಗಾಗಿ ಮನಸ್ಸು ಗಟ್ಟಿ ಮಾಡಿಕೊಳ್ಳಿ ಅಂತ ನಾನು ಹೇಳಲ್ಲ. ನಿದ್ದೆ ಇಲ್ಲ, ಊಟ ಸೇರಲ್ಲ ಅಂದರೆ ಅದಕ್ಕೂ ಡಾಕ್ಟರಿಗೆ ತೋರಿಸಿ, ಹೆಪಟೈಟಿಸ್ ವಿಷಯ ಮುಚ್ಚಿಡದೆ ಹೇಳಿ, ಮಾತ್ರೆ ಅದನ್ನು ನೋಡಿಕೊಂಡೇ ಬರೆಯಬೇಕು. ರಾತ್ರಿ ತೀರಾ ತಡೆಯಲಾರದೆ ಹೋದರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಲಿವರಿಗೆ ಮಾತ್ರೆ ಬೇಕಾದರೆ 2018ರಲ್ಲಿ ಶುರುವಾದ ಸರ್ಕಾರಿ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಉಚಿತ, ಜಿಲ್ಲಾಸ್ಪತ್ರೆಯಲ್ಲಿ ಕೇಳಿ. ಶುರು ಮಾಡಿದರೆ ನೀವಾಗಿ ನಿಲ್ಲಿಸಬೇಡಿ.

ಮದುವೆ ಯಾಕೆ ಬೇಡ ಅನ್ನಬೇಕು? ಆದರೆ ಹೇಳದೆ ಆಗಬೇಡಿ. ದಲ್ಲಾಳಿ, ಮಾವ ಅಂತ ಸುತ್ತಿಸದೆ ಹುಡುಗಿಗೇ ನೇರ ಹೇಳಿ. ನನಗೆ ಒಂದು ಸಂಬಂಧ ತಪ್ಪಿತು, ಹೌದು, ಬೇಜಾರಾಗಿತ್ತು. ಆಮೇಲೆ ಬಂದವಳು ಕೇಳಿದ್ದು ಲಸಿಕೆ ಇದೆಯಾ ಅಂತ. ಇದೆ. ಮೊದಲು ಹುಡುಗಿಗೂ ರಕ್ತ ಪರೀಕ್ಷೆ, ನೆಗೆಟಿವ್ ಇದ್ದರೆ ಮೂರು ಡೋಸ್: ಇವತ್ತೊಂದು, ತಿಂಗಳಿಗೊಂದು, ಆರನೇ ತಿಂಗಳಿಗೊಂದು. ಅದಾಗಿ ಒಂದೆರಡು ತಿಂಗಳಿಗೆ ರಕ್ಷಣೆ ಬಂದಿದೆಯಾ ಅಂತ ಇನ್ನೊಂದು ಟೆಸ್ಟ್. ಅಲ್ಲಿಯ ತನಕ ಕಾಂಡೋಮ್. ಮದುವೆಗೆ ಇನ್ನೂ ಟೈಮ್ ಇದ್ದರೆ ಈ ವಾರವೇ ಹೇಳಿ, ಡೋಸ್ ಮುಗಿಯಲು ಆರು ತಿಂಗಳು ಬೇಕಲ್ವಾ.