ಫಿಟ್ನೆಸ್ ಬ್ಯಾಂಡ್ ಎಂಟೇ ತಿಂಗಳಿಗೆ ಕೈ ಕೊಡ್ತು, ಈ ಸಲ 15 ಸಾವಿರದ ವಾಚ್ ತಗೊಂಡ್ರೆ ಬಾಳಿಕೆ ಬರುತ್ತಾ?

ಎಂಟು ತಿಂಗಳು ಬಂತಾ? ಪುಣ್ಯವಂತರು ನೀವು, ನಂದು ಏಳಕ್ಕೇ ಹೋಯ್ತು. ಸ್ಕ್ರೀನ್ ಒಳಗೆ ಮಂಜು ಕಟ್ಟಿದ್ದು, ಸ್ಕೂಟರಲ್ಲಿ ಕೂತಿದ್ರೂ ಸ್ಟೆಪ್ಸ್ ಏರಿದ್ದು, ಸರ್ವೀಸ್ ಸೆಂಟರ್‌ನವರು ಕೈ ಎತ್ತಿದ್ದು, ನೀವು ಬರೆದಿರೋದು ಓದ್ತಾ ಇದ್ರೆ ನಮ್ಮನೇಲಿ ಕೂತು ನೋಡಿ ಬರೆದ ಹಾಗಿದೆ.

ನಾನಿರೋದು ಮೈಸೂರಲ್ಲಿ, ಬ್ಯಾಂಕ್ ಕೆಲಸ, ವಯಸ್ಸು 50 ಹತ್ರ. ಶುಗರ್ ಬಾರ್ಡರಲ್ಲಿದೆ ದಿನಾ ನಡೀರಿ ಅಂತ ಡಾಕ್ಟ್ರು ಅಂದಿದ್ದೇ ತಡ, ಮಗ ಬೆಂಗಳೂರಿಂದ 2,800 ರೂಪಾಯಿದು ಒಂದು ಬ್ಯಾಂಡ್ ಆರ್ಡರ್ ಮಾಡಿ ಮನೆಗೇ ಕಳಿಸಿಬಿಟ್ಟ. ಕಂಪನಿ ಹೆಸರು ಬೇಡ ಬಿಡಿ. ಮೊದಲ ಎರಡು ತಿಂಗಳು ನನ್ನ ಹಿಡಿಯೋರೇ ಇರಲಿಲ್ಲ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಸುತ್ತು, ರಾತ್ರಿ ಊಟ ಆದ್ಮೇಲೆ ಸ್ಟೆಪ್ಸ್ ಕಮ್ಮಿ ಬಿದ್ರೆ ಹಾಲಲ್ಲೇ ಸೋಫಾ ಸುತ್ತ ಗಾಣದೆತ್ತಿನ ಥರ ತಿರುಗೋದು. ಬ್ರಾಂಚಲ್ಲಿ ನಾವು ಆರು ಜನ ಆ ಆಪಲ್ಲಿ ಗ್ರೂಪ್ ಬೇರೆ ಮಾಡ್ಕೊಂಡಿದ್ವಿ, ಯಾರು ಜಾಸ್ತಿ ನಡೆದ್ರು ಅಂತ. ದಿನಾ ಫಸ್ಟ್ ಬರ್ತಿದ್ದೋರು ಕೌಂಟರಲ್ಲಿ ಕೂತೇ ಇರೋ ಮೇಡಂ. ಹೇಗಪ್ಪಾ ಅಂತ ನೋಡಿದ್ರೆ ವೋಚರ್‌ಗೆ ಸೀಲ್ ಹೊಡೆಯೋ ಕೈಗೇ ಬ್ಯಾಂಡ್ ಕಟ್ಟಿದ್ರು!

ಅಲ್ಲೇ ನನಗೆ ಅನುಮಾನ ಶುರುವಾಗಿದ್ದು. ಈ ಬ್ಯಾಂಡ್‌ಗೆ ಕಾಲು ಅಂದ್ರೇನು ಅಂತಾನೇ ಗೊತ್ತಿಲ್ಲ ನೋಡಿ, ಅದು ಇರೋದು ಕೈಯಲ್ಲಿ. ಒಳಗಿರೋ ಸೆನ್ಸಾರು ಕೈ ಅಲ್ಲಾಡೋದನ್ನ ಅಳೆಯುತ್ತೆ, ಆ ಅಲ್ಲಾಟ ನಡಿಗೆ ಥರ ಕಂಡ್ರೆ ಒಂದು ಸ್ಟೆಪ್ ಅಂತ ಬರ್ಕೊಳ್ಳುತ್ತೆ. ನಮ್ಮನೆಯವಳು ಒಂದು ದಿನ ಕಟ್ಕೊಂಡು ಚಪಾತಿ ಲಟ್ಟಿಸಿದ್ಲು, 20 ಚಪಾತಿಗೆ 400 ಹೆಜ್ಜೆ ಕೊಡ್ತು. ಅದೇ ನಾನು ಒಂದು ಕೈಲಿ ಬ್ಯಾಗ್ ಹಿಡ್ಕೊಂಡು ಇನ್ನೊಂದು ಕೈ ಮಂಡಿ ಮೇಲೆ ಊರ್ಕೊಂಡು ಚಾಮುಂಡಿ ಬೆಟ್ಟ ಹತ್ತಿದೀನಿ, ಮೆಟ್ಟಿಲು 1008 ಅಂತಾರಲ್ಲ, ಪೂರ್ತಿ ಹತ್ತಿ ಮೇಲೆ ಹೋಗಿ ನೋಡಿದ್ರೆ 610. ಅದರ ಲೆಕ್ಕದಲ್ಲಿ ನಾನಿನ್ನೂ ನಂದಿ ಹತ್ರಾನೂ ಬಂದಿಲ್ಲ.

ಹಾರ್ಟ್ ರೇಟ್ ಕಥೆ ಇನ್ನೂ ಚೆನ್ನಾಗಿದೆ. ಕೆಳಗಡೆ ಹಸಿರು ಲೈಟ್ ಉರಿಯುತ್ತಲ್ಲ, ರಕ್ತ ಆ ಹಸಿರು ಬೆಳಕನ್ನ ಹೀರ್ಕೊಳ್ಳುತ್ತೆ. ನಾಡಿ ಬಡಿದಾಗೆಲ್ಲ ಅಲ್ಲಿ ರಕ್ತ ಜಾಸ್ತಿ ಆಗಿ ವಾಪಸ್ ಬರೋ ಬೆಳಕು ಒಂಚೂರು ಕಮ್ಮಿ ಆಗುತ್ತೆ, ಆ ಏರಿಳಿತ ಎಣಿಸೋದಷ್ಟೇ ಅದರ ಕೆಲಸ. ಕೂತಿದ್ದಾಗ ಪರವಾಗಿಲ್ಲ. ನಡೆಯುವಾಗ ಪಟ್ಟಿ ಸ್ವಲ್ಪ ಸಡಿಲ ಇದ್ರೆ ಹೆಜ್ಜೆಯ ಕುಲುಕಾಟಾನೇ ನಾಡಿ ಅಂದ್ಕೊಂಡುಬಿಡುತ್ತೆ. ನಿಮಿಷಕ್ಕೆ 110 ಹೆಜ್ಜೆ ಹಾಕಿದ್ರೆ ಹಾರ್ಟ್ ರೇಟೂ 110! ನಾನು ಆಹಾ ಏನ್ ಸ್ಟೆಡಿ ಹಾರ್ಟು ಅಂತ ಎರಡು ತಿಂಗಳು ಖುಷಿ ಪಟ್ಟಿದೀನಿ. ಆಮೇಲೆ ಕ್ಯಾಲೊರಿ. ಬೆಟ್ಟ ಇಳಿದು ಬಂದಾಗ 640 ಬರ್ನ್ ಅಂತ ತೋರಿಸ್ತು, ಹಂಗಾದ್ರೆ ಎರಡು ಪೀಸ್ ಮೈಸೂರ್ ಪಾಕ್ ತಿನ್ನಬಹುದು ಅಂತ ತಿಂದೆ. 2017ರಲ್ಲಿ ಸ್ಟ್ಯಾನ್‌ಫರ್ಡ್‌ ಯೂನಿವರ್ಸಿಟಿಯವರು ಏಳು ಡಿವೈಸ್ ಹಾಕಿ ಟೆಸ್ಟ್ ಮಾಡಿದ್ರಂತೆ, ಹಾರ್ಟ್ ರೇಟಲ್ಲಿ ಆರು ಸುಮಾರಾಗಿ ಪಾಸು, ಆದ್ರೆ ಕ್ಯಾಲೊರಿಲಿ ಎಲ್ಲಕ್ಕಿಂತ ಚೆನ್ನಾಗಿರೋದೇ ಸರಾಸರಿ 27% ತಪ್ಪು, ತೀರಾ ಕೆಟ್ಟದ್ದು 93%. ಇದನ್ನ ನಾನು ಓದಿದ್ದು ಮೈಸೂರ್ ಪಾಕ್ ತಿಂದ ಮೇಲೆ.

ಇದೆಲ್ಲ ಸಹಿಸ್ಕೊಂಡೆ. ಬ್ಯಾಂಡ್ ಸತ್ತಿದ್ದು ಮಾತ್ರ ನನ್ನ ಕೈಯಾರೆ. ಇದನ್ನ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಯಾಕಂದ್ರೆ ನಿಮ್ಮದೂ ಹೀಗೇ ಆಗಿರುತ್ತೆ ಅಂತ ನನಗೆ ಬಲವಾದ ಗುಮಾನಿ.

ಬಾಕ್ಸ್ ಮೇಲೆ 5 ಎಟಿಎಂ ಅಂತ ಇತ್ತು. ಬ್ಯಾಂಕಲ್ಲಿರೋ ನನಗೆ ಎಟಿಎಂ ಅಂದ್ರೆ ಬೇರೇನೇ, ಮಗನ್ನ ಕೇಳಿದ್ದಕ್ಕೆ 50 ಮೀಟರ್ ವಾಟರ್‌ಪ್ರೂಫ್ ಅಪ್ಪಾ ಅಂದ. ಅವತ್ತಿಂದ ಬಿಚ್ಚಿಲ್ಲ. ರಾತ್ರಿ ನಿದ್ದೆ ಲೆಕ್ಕ ಬೇಕು, ಗ್ರಾಫಲ್ಲಿ ಗ್ಯಾಪ್ ಬರಬಾರದು ಅಂತ ಹಠ. ಇನ್ನು ಹೋದ ವರ್ಷದ ನರಕ ಚತುರ್ದಶಿ. ನಮ್ಮಲ್ಲಿ ಹಿಂದಿನ ರಾತ್ರಿ ನೀರು ತುಂಬೋ ಹಬ್ಬ ಮಾಡಿ ಹಂಡೆ ತುಂಬಿಸಿಟ್ಟು, ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಎಣ್ಣೆ ಹಚ್ಚಿ ಸ್ನಾನ ಮಾಡಿಸ್ತಾರೆ. ಅಮ್ಮ ಎಣ್ಣೆ ಬಟ್ಟಲು ಹಿಡ್ಕೊಂಡು ಬಂದು "ಅದನ್ನ ಬಿಚ್ಚಿಡೋ, ವಾಚ್ ಕಟ್ಕೊಂಡು ಯಾರಾದ್ರೂ ಎಣ್ಣೆ ನೀರು ಹಾಕ್ಕೋತಾರಾ" ಅಂದ್ರು. ನಾನು ಜಂಬದಲ್ಲಿ "ಅಮ್ಮ, ಇದು ಕೆಆರ್‌ಎಸ್ ಡ್ಯಾಮಿನ ತಳಕ್ಕೆ ಹೋದ್ರೂ ಏನೂ ಆಗಲ್ಲ" ಅಂದೆ.

ಮೈಯೆಲ್ಲ ಎಣ್ಣೆ, ಆಮೇಲೆ ಸೀಗೆಪುಡಿ, ಸೋಪು, ಹಂಡೆಯಿಂದ ಹೊಗೆಯಾಡೋ ನೀರು ಚೊಂಬು ಚೊಂಬಾಗಿ, ಬಚ್ಚಲು ತುಂಬ ಹಬೆ. ಸ್ನಾನ ಮುಗಿದ ಮೇಲೆ ಬ್ಯಾಂಡೆಲ್ಲ ಜಿಡ್ಡು ಜಿಡ್ಡು, ಅದಕ್ಕೆ ಬಿಚ್ಚಿ ನಲ್ಲಿ ಕೆಳಗೆ ಹಿಡಿದು ಹಳೇ ಟೂತ್‌ಬ್ರಷಲ್ಲಿ ಗಸಗಸ ಉಜ್ಜಿದೆ. ಚಳಿಗಾಲದ ಮುಂಜಾನೆ ನಲ್ಲಿ ನೀರು ಎಷ್ಟು ತಣ್ಣಗಿರುತ್ತೆ ನಿಮಗೇ ಗೊತ್ತು. ಅಲ್ಲೇ ಮುಗೀತು ಅದರ ಕಥೆ.

ಯಾಕೆ ಅಂದ್ರೆ, ಆ 50 ಮೀಟರ್ ಅನ್ನೋದು ನಿಂತ ನೀರಿನ ಒತ್ತಡದ ಲೆಕ್ಕ ಮಾತ್ರ. ಹೊಸ ಡಿವೈಸು ಲ್ಯಾಬಲ್ಲಿ ಅಷ್ಟು ಒತ್ತಡ ತಡೀತು ಅಂತ ಅರ್ಥ, 50 ಮೀಟರ್ ಆಳಕ್ಕೆ ಧುಮುಕಿ ಅಂತ ಅಲ್ಲ, ಎಣ್ಣೆ ಸೋಪು ಹಬೆಗಂತೂ ಆ ನಂಬರಿಗೂ ಸಂಬಂಧಾನೇ ಇಲ್ಲ. ನೀರು ಒಳಗೆ ಹೋಗದ ಹಾಗೆ ತಡೆಯೋದು ಸಣ್ಣ ರಬ್ಬರ್ ವಾಷರ್ ಥರದ್ದು ಮತ್ತೆ ಗ್ಲಾಸ್ ಸುತ್ತ ಒಂದು ಗೆರೆ ಅಂಟು, ಅಷ್ಟೇ. ಬಿಸಿಗೆ ಅದು ಮೆತ್ತಗಾಗುತ್ತೆ. ಸೋಪು ನೀರು ಬರೀ ನೀರಿಗಿಂತ ಸಲೀಸಾಗಿ ಸಂದಿಗೆ ನುಗ್ಗುತ್ತೆ. ಇದಕ್ಕಿಂತ ಮುಖ್ಯ ಒಳಗಿರೋ ಗಾಳಿ. ಬಿಸಿನೀರು ಬಿದ್ದಾಗ ಅದು ಹಿಗ್ಗಿ ಒಂಚೂರು ಹೊರಗೆ ಹೋಗುತ್ತೆ, ತಕ್ಷಣ ತಣ್ಣೀರು ಬಿದ್ರೆ ಕುಗ್ಗಿ ಹೊರಗಿರೋದನ್ನ ಒಳಗೆ ಎಳ್ಕೊಳ್ಳುತ್ತೆ, ಅಂದ್ರೆ ನೀರನ್ನ. ನಾನು ಏಳು ತಿಂಗಳು ದಿನಾ ಬಿಸಿನೀರು ಸ್ನಾನದಲ್ಲಿ ಅದನ್ನ ಸಡಿಲ ಮಾಡಿ ಮಾಡಿ ಹಬ್ಬದ ದಿನ ಪೂರ್ಣಾಹುತಿ ಕೊಟ್ಟೆ.

ಮಧ್ಯಾಹ್ನಕ್ಕೆ ಗ್ಲಾಸ್ ಒಳಗೆ ಮಂಜು. ಅಕ್ಕಿ ಡಬ್ಬೀಲಿ ಎರಡು ದಿನ ಹೂತಿಟ್ಟೆ, ಅದರಿಂದ ಏನೂ ಆಗಲ್ಲ, ಚಾರ್ಜಿಂಗ್ ಪಿನ್ನಲ್ಲಿ ಅಕ್ಕಿ ಹಿಟ್ಟು ಕೂತ್ಕೊಂಡಿದ್ದೇ ಬಂತು. ಮೂರನೇ ರಾತ್ರಿ ಎರಡು ಗಂಟೆಗೆ ಅದು ತಾನಾಗೇ ಗುರ್ ಅಂತ ನಡುಗಿ ಎಬ್ಬಿಸ್ತು, ನೋಡಿದ್ರೆ ಹಾರ್ಟ್ ರೇಟ್ 168! ಮಲಗಿರೋ ಮನುಷ್ಯಂಗೆ 168. ಅದನ್ನ ನೋಡಿದ ಮೇಲೆ ನಿಜವಾಗ್ಲೂ ಎದೆ ಹೊಡ್ಕೊಳ್ಳೋಕೆ ಶುರುವಾಯ್ತು. ನಮ್ಮನೆಯವಳು ಎದ್ದು ನನ್ನ ಮಣಿಕಟ್ಟು ಹಿಡಿದು ಗೋಡೆ ಗಡಿಯಾರ ನೋಡ್ಕೊಂಡು ಎಣಿಸಿದ್ಲು. 84. "ನಿಮಗೇನಾಗಿಲ್ಲ, ಅದಕ್ಕೇನೋ ಆಗಿದೆ, ಮಲ್ಕೊಳಿ" ಅಂದ್ಲು. ಬೆಳಿಗ್ಗೆ ಹೊತ್ತಿಗೆ ಬ್ಯಾಂಡ್ ಪೂರ್ತಿ ಸತ್ತಿತ್ತು.

ಸರ್ವೀಸ್ ಸೆಂಟರಲ್ಲಿ ಹುಡುಗ ತಿರುಗಿಸಿ ನೋಡಿ ತುಂಬ ಮರ್ಯಾದೆಯಾಗಿ "ಸರ್, ಬಿಸಿನೀರಲ್ಲಿ ಸ್ನಾನ ಮಾಡ್ತಿದ್ರಾ" ಅಂದ. "ಹೂಂ" ಅಂದೆ. ಅಷ್ಟೇ, ವಾರಂಟಿ ಹೋಯ್ತು. ಮ್ಯಾನ್ಯುಯಲ್ ತೆಗೆದು ತೋರಿಸಿದ, ಇರುವೆ ಸೈಜಿನ ಅಕ್ಷರದಲ್ಲಿ ಬಿಸಿನೀರು, ಹಬೆ, ಸೋಪು ಬೇಡ ಅಂತ ಇತ್ತು. ಬಾಕ್ಸ್ ಮೇಲೆ 50 ಮೀಟರ್ ದಪ್ಪಕ್ಷರ, ಇದು ಮಾತ್ರ ಇರುವೆ. ಅದಕ್ಕೆ ಕಂಪನಿ ಮೇಲೆ ಸಿಟ್ಟಿದೆ, ಆದ್ರೂ ಅಮ್ಮ ಹೇಳಿದ್ರಲ್ಲ, ಅಲ್ಲಿಗೆ ನನ್ನ ಬಾಯಿ ಬಂದ್.

ಈಗ ನಿಮ್ಮ 15 ಸಾವಿರದ ವಿಷ್ಯ. ಪ್ರಶ್ನೇನೇ ಸರಿಯಿಲ್ಲ ಅನ್ಸುತ್ತೆ ನನಗೆ, ಬೇಜಾರು ಮಾಡ್ಕೋಬೇಡಿ. ದುಡ್ಡು ಜಾಸ್ತಿ ಕೊಟ್ರೆ ಸ್ಕ್ರೀನ್ ಚೆನ್ನಾಗಿರುತ್ತೆ, ಜಿಪಿಎಸ್ ಬರುತ್ತೆ, ಸೆನ್ಸಾರೂ ಸ್ವಲ್ಪ ಮೇಲಿರಬಹುದು. ಆದ್ರೆ ಅದರಲ್ಲೂ ಅಂಟು ಅಂಟೇ, ರಬ್ಬರ್ ರಬ್ಬರೇ, ಬ್ಯಾಟರಿ ಒಳಗೇ ಸೀಲ್ ಮಾಡಿರ್ತಾರೆ, ನಾಲ್ಕು ವರ್ಷ ಆದ್ಮೇಲೆ ಬ್ಯಾಟರಿ ಸೋತ್ರೆ ಹಳೇ ಎಚ್‌ಎಂಟಿ ಥರ ಅಂಗಡೀಲಿ ಕೊಟ್ಟು ಹತ್ತು ನಿಮಿಷದಲ್ಲಿ ಸೆಲ್ ಹಾಕಿಸ್ಕೊಂಡು ಬರೋಕೆ ಆಗಲ್ಲ. ಬಾಳಿಕೆ ಬೇಕು ಅಂದ್ರೆ ಈ ಜಾತಿ ಸಾಮಾನನ್ನೇ ತಗೋಬೇಡಿ. ತಗೊಳ್ಳಲೇಬೇಕು ಅಂದ್ರೆ ಕಡಿಮೆ ಬೆಲೆದೇ ಸಾಕು, ಸ್ನಾನಕ್ಕೆ ಬಿಚ್ಚಿ, ಚಾರ್ಜ್‌ಗೆ ಹಾಕೋ ಮುಂಚೆ ಬೆವರು ಒರೆಸಿ, ಒದ್ದೆ ಪಿನ್ನಿಗೆ ಕರೆಂಟ್ ಕೊಟ್ರೆ ಕಿಲುಬು ಹಿಡಿಯುತ್ತೆ. ಓಡೋರಾಗಿದ್ದು ನಾಡಿ ಲೆಕ್ಕ ಕರೆಕ್ಟಾಗಿ ಬೇಕು ಅಂದ್ರೆ ಎದೆಗೆ ಕಟ್ಟೋ ಪಟ್ಟಿ ಸಿಗುತ್ತೆ, ಅದು ಬೆಳಕು ನೋಡಲ್ಲ, ಹಾರ್ಟಿನ ಕರೆಂಟನ್ನೇ ಹಿಡಿಯುತ್ತೆ. ಹಾರ್ಟಲ್ಲಿ ನಿಜವಾಗ್ಲೂ ತೊಂದ್ರೆ ಇದೆ ಅನ್ನಿಸಿದ್ರೆ ಎರಡನ್ನೂ ಬಿಟ್ಟು ಡಾಕ್ಟ್ರ ಹತ್ರ ಹೋಗಿ.

ದಿನಾ 10,000 ಹೆಜ್ಜೆ ಆಗ್ತಿಲ್ಲ ಅಂತ ಬೇರೆ ಕೊರಗಿದೀರ. ಅದು ಯಾವ ಡಾಕ್ಟ್ರೂ ಹೇಳಿದ್ದಲ್ಲ ಸ್ವಾಮಿ, 1965ರಲ್ಲಿ ಜಪಾನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸೋ ಡಬ್ಬಿ ಹೆಸರು ಅದು, ಮಾನ್ಪೊಕೆಯ್, ಹತ್ತು ಸಾವಿರ ಹೆಜ್ಜೆ ಮೀಟರ್ ಅಂತ ಅರ್ಥ. ಹೆಸರು ಕಿವಿಗೆ ಚೆನ್ನಾಗಿತ್ತು, ನಾವು ಇವತ್ತಿಗೂ ಸೋಫಾ ಸುತ್ತ ತಿರುಗ್ತಾ ಇದೀವಿ. 2019ರಲ್ಲಿ ಅಮೆರಿಕದ ವಯಸ್ಸಾದ ಹೆಂಗಸರ ಮೇಲೆ ಸ್ಟಡಿ ಮಾಡಿದಾಗ ದಿನಕ್ಕೆ 4,400 ಹೆಜ್ಜೆಗೇ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಿಸ್ತು, 7,500 ದಾಟಿದ ಮೇಲೆ ಜಾಸ್ತಿ ಲಾಭ ಏನೂ ಸಿಗಲಿಲ್ಲ. ನಾನೀಗ ಕೆರೆ ಒಂದು ಸುತ್ತು ಹಾಕ್ತೀನಿ, ಎಷ್ಟು ಹೆಜ್ಜೆ ಅಂತ ದೇವ್ರಾಣೆ ಗೊತ್ತಿಲ್ಲ. ಬ್ರಾಂಚ್ ಗ್ರೂಪಿಂದ ಆಚೆ ಬಂದೆ. ಮೇಡಂ ಈಗಲೂ ಫಸ್ಟೇ.

ನಿಮ್ಮದಿನ್ನೂ ಒಂದು ವರ್ಷ ಆಗಿಲ್ಲ, ಅದಕ್ಕೆ ಹೊಸದು ಹುಡುಕೋ ಮುಂಚೆ ಬಿಲ್ ಹುಡುಕಿ. ನೀರು ತಾಗದೇ ಕೆಟ್ಟಿದ್ದು ಅಂತ ನಿಮಗೆ ಖಾತ್ರಿ ಇದ್ದು ಅವರು ಒಪ್ತಿಲ್ಲ ಅಂದ್ರೆ 1915ಕ್ಕೆ ಫೋನ್ ಮಾಡಿ, ಗ್ರಾಹಕರ ಸಹಾಯವಾಣಿ ಅದು. ಅಂದ ಹಾಗೆ, ಸ್ನಾನ ಮಾಡುವಾಗ ಬಿಚ್ಚಿಡ್ತಿದ್ರಾ? ಪ್ರಶ್ನೇಲಿ ಎಲ್ಲ ಬರೆದಿದೀರ, ಅದೊಂದು ಬರೆದಿಲ್ಲ.