ತಾರೀಖಿಲ್ಲದ ನಂಬಿಕೆ

ಸಭಾಪಾಲಕರಾಗಲು ಓದುವ ಸೆಮಿನರಿ ವಿದ್ಯಾರ್ಥಿಗಳಿಗೆ ಆಪ್ತಸಲಹೆ ಕೊಡುವವರ ಮುಂದೆ ಮತ್ತೆ ಮತ್ತೆ ಬರುವ ಪ್ರಕರಣ ಇದು. ಹಸುಗೂಸಾಗಿದ್ದಾಗ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಪಡೆದ ಹುಡುಗ, ಓದಿನ ನಡುವೆ ಬೇರೊಂದು ಕ್ರೈಸ್ತ ಸಭೆಗೆ ಹೋಗಿ ಗುಟ್ಟಾಗಿ ಎರಡನೇ ಸಲ ನೀರಿಗಿಳಿಯುತ್ತಾನೆ. ಆಮೇಲೆ ಅದನ್ನು ಯಾರಿಗೂ ಹೇಳಲಾಗದೆ ಒದ್ದಾಡುತ್ತಾನೆ. ಇಲ್ಲಿ ಊರು, ಕುಟುಂಬದ ವಿವರ, ಕಾಲ ಎಲ್ಲವನ್ನೂ ಬದಲಿಸಲಾಗಿದೆ. ಬರೆಯಲು ಆತನ ಒಪ್ಪಿಗೆ ಇದೆ.

ಆತ ಉತ್ತರ ಕರ್ನಾಟಕದವನು, ದೇವಶಾಸ್ತ್ರದ ಪದವಿಯಾದ ಬಿ.ಡಿ. ಎರಡನೇ ವರ್ಷ, ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ ಕಳಿಸಿದ ಅಭ್ಯರ್ಥಿ. ಕಳಿಸುವುದು ಎಂದರೇನು ಎಂಬುದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಊರಿನ ಸಭಾ ಸಮಿತಿ ಶಿಫಾರಸು ಮಾಡಬೇಕು, ಡಯಾಸಿಸ್ಸಿನಲ್ಲಿ, ಅಂದರೆ ಬಿಷಪ್ಪರ ಆಡಳಿತ ಪ್ರಾಂತದಲ್ಲಿ, ಸಂದರ್ಶನ ಆಗಬೇಕು, ಬಿಷಪ್ಪರ ಪತ್ರ ಬರಬೇಕು. ಓದು ಮುಗಿದ ಮೇಲೆ ಹಿಂದಿರುಗಿ ಸೇವೆ ಮಾಡಬೇಕು, ಮೊದಲು ಡೀಕನ್, ನಂತರ ಪ್ರೆಸ್ಬಿಟರ್ (ಪೂರ್ಣ ಸಭಾಪಾಲಕ) ಆಗಿ ಅಭಿಷೇಕ. ಹುಡುಗ ಓದುವುದು ಒಬ್ಬನೇ ಆದರೂ ಅವನ ಹಿಂದೆ ಒಂದು ಇಡೀ ಸಭೆ ನಿಂತಿರುತ್ತದೆ. ಈ ಹುಡುಗನ ತಂದೆ ಆ ಸಭೆಯ ಹಿರಿಯರಲ್ಲೊಬ್ಬರು.

ಹಲವು ಸಭೆಗಳ ಸೆಮಿನರಿಯಲ್ಲಿ ಬೆಳಗಿನ ಆರಾಧನೆ ಸರದಿಯ ಮೇಲೆ ನಡೆಯುತ್ತದೆ. ಇಂದು ಲುಥೆರನ್ ಕ್ರಮ, ನಾಳೆ ಮೆಥೊಡಿಸ್ಟ್, ನಾಡಿದ್ದು ಮಾರ್ತೋಮ. ತರಗತಿಯಲ್ಲಿ ಇದರಿಂದ ತೊಂದರೆ ಆಗುವುದು ಕಡಿಮೆ, ಅಲ್ಲಿ ಭಿನ್ನಾಭಿಪ್ರಾಯಕ್ಕೂ ಒಂದು ವ್ಯವಸ್ಥೆ ಇದೆ. ತೊಂದರೆ ಹುಟ್ಟುವುದು ರಾತ್ರಿ ಹತ್ತರ ಮೇಲೆ, ಹಾಸ್ಟೆಲ್ ಕೋಣೆಯಲ್ಲಿ. ಜೊತೆಗಾರ ಪೆಂತೆಕೊಸ್ತ್ ಹಿನ್ನೆಲೆಯವನು, ಒಳ್ಳೆಯ ಹುಡುಗ. ಗೆಳೆಯನ ರಕ್ಷಣೆಯ ಬಗ್ಗೆ ಅವನಿಗೆ ನಿಜವಾದ ಕಾಳಜಿ ಇತ್ತು. ಅವನ ಸಭೆಯಲ್ಲಿ ನಂಬಿ, ಬಾಯಾರೆ ಒಪ್ಪಿಕೊಂಡು, ಮುಳುಗಿ ಎದ್ದದ್ದು ಮಾತ್ರ ದೀಕ್ಷಾಸ್ನಾನ. ಆರು ತಿಂಗಳ ಚರ್ಚೆಯ ನಂತರ ಒಂದು ಭಾನುವಾರ ಇಬ್ಬರೂ ನಗರದ ಹೊರವಲಯದ ಸಭೆಯೊಂದಕ್ಕೆ ಹೋದರು. ಸಿಮೆಂಟು ತೊಟ್ಟಿ, ಬಿಳಿ ನಿಲುವಂಗಿ, ಹತ್ತು ನಿಮಿಷ. ಅಲ್ಲಿದ್ದ ಯಾರೋ ವಾಟ್ಸಾಪ್ ಸ್ಟೇಟಸ್ಸಿಗೆ ಫೋಟೋ ಹಾಕಿದರು.

ಮೊದಲ ಭೇಟಿಯಲ್ಲಿ ಆತ ಹೇಳಿಕೊಂಡದ್ದು ನಿದ್ದೆಯ ತೊಂದರೆ. ಎರಡನೆಯದರಲ್ಲಿ ಗ್ರೀಕ್ ಪರೀಕ್ಷೆಯ ಭಯ. ಮೂರನೆಯ ಸಲ ಬಂದವನು ಬ್ಯಾಗಿನಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಒಳಗೆ ದೀಕ್ಷಾಸ್ನಾನದ ಸರ್ಟಿಫಿಕೇಟು. ತಾಯಿ ಟ್ರಂಕಿನಲ್ಲಿ ಇಟ್ಟು ಕಾಪಾಡಿದ್ದು, ಅಂಚು ಹಳದಿಯಾಗಿ ಮಡಿಕೆಯಲ್ಲಿ ಸವೆದಿತ್ತು.

“ಇದನ್ನ ಯಾರಿಗೆ ವಾಪಸ್ ಕೊಡಬೇಕ್ರೀ ಮೇಡಂ?”

ಕೊಡಲೇಬೇಕು ಎಂದು ಯಾರು ಹೇಳಿದರು ಎಂದು ಕೇಳಿದಾಗ ಉತ್ತರ ಬರಲಿಲ್ಲ. ನೀರಿಗಿಳಿದ ದಿನ ಹೇಗಿತ್ತು ಎಂದು ಕೇಳಿದಾಗ ಮಾತು ಬಂತು. “ಮುಳುಗಿ ಎದ್ದಾಗ ಭಾಳ ಹಗೂರ ಅನಿಸ್ತ್ರಿ. ರಾತ್ರಿ ಮಲಗಿದ ಮ್ಯಾಲ ಅವ್ವನ ಮುಖ ಕಾಣಾಕತ್ತು.” ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: “ಹಾಸ್ಟೆಲಿನ್ಯಾಗ ಶುಕ್ರವಾರ ರಾತ್ರಿ ಸಾಕ್ಷಿ ಹೇಳತಾರ್ರಿ. ಎಲ್ಲಾರಿಗೂ ಒಂದು ತಾರೀಖು ಐತಿ. ಇಂಥಾ ದಿನ, ಇಂಥಾ ಕೂಟದಾಗ ರಕ್ಷಣಾ ಆತು ಅಂತಾರ. ನನಗಷ್ಟ ಇಲ್ಲ.”

ಪ್ರಕರಣ ಇದ್ದದ್ದು ಇಲ್ಲಿ. ಮುಳುಗುವುದೋ ನೀರು ಹಾಕುವುದೋ ಎಂಬ ಪ್ರಶ್ನೆ ಅವನನ್ನು ತೊಟ್ಟಿಯವರೆಗೆ ಕರೆದೊಯ್ದಿರಲಿಲ್ಲ. ಕುಡಿಯುತ್ತಿದ್ದ ಗೆಳೆಯ ಕುಡಿತ ಬಿಟ್ಟ ದಿನವನ್ನು ಹೇಳುತ್ತಾನೆ, ಬೇರೆ ಧರ್ಮದಿಂದ ಬಂದವಳು ಮನೆ ಬಿಟ್ಟ ದಿನವನ್ನು ಹೇಳುತ್ತಾಳೆ. ಸಭೆಯ ಜಗಲಿಯಲ್ಲೇ ಬೆಳೆದವನಿಗೆ ಹೇಳಲು ದಿನವಿಲ್ಲ. ಇಂಥವರು ತಮ್ಮ ನಂಬಿಕೆ ಎರವಲಿನದು ಎಂದುಕೊಳ್ಳುತ್ತಾರೆ. ಒಂದು ತಾರೀಖನ್ನು ಸಂಪಾದಿಸಿಕೊಳ್ಳಲು ಹೊರಡುತ್ತಾರೆ.

ತಾರೀಖು ಈ ಕಾಗದದಲ್ಲೇ ಇದೆಯಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬರುವುದು ಸಹಜ. ಹೇಳಲಿಲ್ಲ. ಹೇಳಿದ್ದರೆ ಶಿಶುದೀಕ್ಷಾಸ್ನಾನದ ಪರ ವಾದ ಮಂಡಿಸಿದಂತೆ ಆಗುತ್ತಿತ್ತು, ಆಪ್ತಸಲಹೆಯ ಕೋಣೆ ಅದಕ್ಕಲ್ಲ. ಸರ್ಟಿಫಿಕೇಟನ್ನು ಒಮ್ಮೆ ಜೋರಾಗಿ ಓದಿ ಎಂದಷ್ಟೇ ಕೇಳಿದ್ದು. ಆತ ಓದಿದ: ಮಗುವಿನ ಹೆಸರು, ತಂದೆ, ತಾಯಿ, ಜನ್ಮದಿನ, ಅಯ್ಯನವರ ಸಹಿ. ಕೆಳಗೆ “ಸಾಕ್ಷಿಗಳು” ಎಂದಿದ್ದಲ್ಲಿ ನಿಂತ.

“ಇಲ್ಲೆ ಸಾಕ್ಷಿ ನಾ ಅಲ್ರಿ. ನಮ್ಮ ಆಯಿ.”

ತಂದೆಯ ತಾಯಿ. ಸಹಿ ಬಾರದ ಹೆಂಗಸು, ಆತ ಹೈಸ್ಕೂಲಿನಲ್ಲಿದ್ದಾಗ ತೀರಿಕೊಂಡವರು. ಮುಂದಿನ ಅರ್ಧ ಗಂಟೆ ಆಯಿಯ ಬಗ್ಗೆಯೇ ಮಾತು. ನಸುಕಿನಲ್ಲಿ ರೊಟ್ಟಿ ಬಡಿಯುತ್ತ ಬೈಬಲಿನ ಕೀರ್ತನೆ 121 ಹೇಳುತ್ತಿದ್ದದ್ದು, ಓದು ಬಾರದೆಯೇ ಅಷ್ಟನ್ನೂ ಬಾಯಿಪಾಠ ಮಾಡಿಕೊಂಡಿದ್ದದ್ದು. ಎರಡು ತಿಂಗಳಿಂದ ಆತ ಅಳುವುದನ್ನೂ ತಡೆಹಿಡಿದಿದ್ದ, ಅಂದು ಅತ್ತ. ಸರ್ಟಿಫಿಕೇಟನ್ನು ಮತ್ತೆ ಕವರಿನೊಳಗೆ ಹಾಕಿಕೊಂಡ. ವಾಪಸ್ ಕೊಡುವ ಪ್ರಶ್ನೆ ಆಮೇಲೆ ಏಳಲಿಲ್ಲ.

ಕೊಟ್ಟ ಸಲಹೆ ಹೀಗಿತ್ತು. ಸುದ್ದಿ ತಾನಾಗಿ ತಲುಪುವ ಮೊದಲು ತಾನೇ ಹೇಳಬೇಕು, ಒಂದು ವಾರದೊಳಗೆ. ಹೇಳುವ ಕ್ರಮ ಮುಖ್ಯ: ಮೊದಲು ತಂದೆತಾಯಿ, ಅದೂ ಫೋನಿನಲ್ಲಲ್ಲ, ರಾತ್ರಿ ಬಸ್ಸಿಗೆ ಹೋಗಿ ಮುಖಾಮುಖಿ. ಮರುದಿನ ಊರಿನ ಸಭಾಪಾಲಕರು. ಆಮೇಲೆ ಬಿಷಪ್ಪರಿಗೆ ಪತ್ರ, ಅದರ ಪ್ರತಿ ಸೆಮಿನರಿಯ ಪ್ರಾಂಶುಪಾಲರಿಗೆ. ಬಿಷಪ್ಪರಿಗೆ ಮೊದಲು ಹೋದರೆ ಸಭಾಪಾಲಕರಿಗೆ ತಮ್ಮನ್ನು ಬದಿಗೆ ಸರಿಸಿದರು ಅನ್ನಿಸುತ್ತದೆ, ಮುಂದೆ ಪರ ನಿಲ್ಲಬೇಕಾದವರೇ ಮುನಿಸಿಕೊಳ್ಳುತ್ತಾರೆ. ಪತ್ರ ಒಂದೇ ಪುಟ: ಯಾವ ದಿನ, ಎಲ್ಲಿ, ಏನು ನಡೆಯಿತು, ಯಾಕೆ ಎಂಬುದಕ್ಕೆ ಎರಡು ಸಾಲು, ಭೇಟಿಗೆ ಸಮಯ ಕೊಡಬೇಕೆಂಬ ವಿನಂತಿ. ಬೈಬಲ್ ವಾಕ್ಯಗಳನ್ನು ಉದ್ಧರಿಸಬಾರದು, ಗೆಳೆಯನ ಹೆಸರು ಬರಬಾರದು. ಆತ ಮೊದಲು ಬರೆದು ತಂದದ್ದು ನಾಲ್ಕು ಪುಟ, ಹನ್ನೊಂದು ವಚನ. ಅದು ಕ್ಷಮೆಯೂ ಅಲ್ಲ, ವಾದವೂ ಅಲ್ಲ, ಎರಡರ ಕಲಸುಮೇಲೋಗರ. ಮೂರನೆಯ ಪ್ರತಿ ಒಂದು ಪುಟಕ್ಕೆ ಬಂತು.

ಜೊತೆಗೆ ಒಂದು ಮನೆಗೆಲಸ. ತನಗೆ ಈಗ ಸರಿ ಅನ್ನಿಸುವ ಪಕ್ಷಕ್ಕೆ ಎದುರಾದ ಪಕ್ಷವನ್ನು ಆ ಪಕ್ಷದವರೇ ತಲೆದೂಗುವ ಹಾಗೆ ಬರೆಯುವುದು. ಹಾಸ್ಟೆಲಿನ ವಾದಗಳಲ್ಲಿ ನಂಬಿ ದೀಕ್ಷಾಸ್ನಾನ ಪಡೆದವನಿಗೆ ರಕ್ಷಣೆ ಎನ್ನುವ ಮಾರ್ಕ 16:16 ಪದೇ ಪದೇ ಬರುತ್ತದೆ. ನಾಲ್ಕನೇ ಶತಮಾನದ ಸಿನಾಯ್ ಮತ್ತು ವ್ಯಾಟಿಕನ್ ಹಸ್ತಪ್ರತಿಗಳಲ್ಲಿ ಮಾರ್ಕನ ಸುವಾರ್ತೆ 16:8ಕ್ಕೇ ನಿಲ್ಲುತ್ತದೆ ಎಂಬುದು ಎರಡನೇ ವರ್ಷದವನಿಗೆ ಗೊತ್ತಿರಬೇಕು. ಅಪೊಸ್ತಲರ ಕೃತ್ಯಗಳು 16ರಲ್ಲಿ ಲುದ್ಯಳ ಮನೆಯವರು, ಸೆರೆಮನೆಯ ಅಧಿಕಾರಿಯ ಮನೆಯವರು ದೀಕ್ಷಾಸ್ನಾನ ಪಡೆದರು ಎಂದಿದೆ. ಆ ಮನೆಗಳಲ್ಲಿ ಕೂಸುಗಳಿದ್ದವೆಂದು ಎಲ್ಲೂ ಬರೆದಿಲ್ಲ. ಅದೇ ಪುಸ್ತಕದ 19ರಲ್ಲಿ ಎಫೆಸದವರು ಮತ್ತೆ ಸ್ನಾನ ಪಡೆದದ್ದು ನಿಜ, ಆದರೆ ಅವರ ಮೊದಲನೆಯದು ಯೋಹಾನನ ಸ್ನಾನ, ಯೇಸುವಿನ ಹೆಸರಿನದಲ್ಲ. ಸುಮಾರು ಕ್ರಿ.ಶ. 200ರ ಹೊತ್ತಿಗೆ ಸಭೆಯ ಲೇಖಕ ತೆರ್ತುಲ್ಲಿಯನ್ ಮಕ್ಕಳಿಗೆ ತಡಮಾಡಿ ಎಂದು ವಾದಿಸಿದ, ಅಂದರೆ ಆಗಲೇ ಮಕ್ಕಳಿಗೆ ಕೊಡುತ್ತಿದ್ದರು. ಅದಕ್ಕೂ ಹಳೆಯ ದಿದಾಖೆ ಎಂಬ ಸಭಾ ಕೈಪಿಡಿ ಹರಿಯುವ ನೀರು ಇರಲಿ, ಇಲ್ಲದಿದ್ದರೆ ಬೇರೆ ನೀರು, ಎರಡೂ ಇಲ್ಲದಿದ್ದರೆ ತಲೆಯ ಮೇಲೆ ಮೂರು ಸಲ ಸುರಿಯಿರಿ ಎನ್ನುತ್ತದೆ. ಇದನ್ನೆಲ್ಲ ಎದುರಿಗಿಟ್ಟುಕೊಂಡರೆ ಯಾವ ಪಕ್ಷಕ್ಕೂ ಸುಲಭದ ಗೆಲುವಿಲ್ಲ. ಸಿ.ಎಸ್.ಐ.ಗೆ ಮುಳುಗಿಸುವುದರ ಮೇಲೆ ಆಕ್ಷೇಪ ಇಲ್ಲ ಎಂಬುದನ್ನೂ ಅನೇಕರು ಮರೆಯುತ್ತಾರೆ; ಆಕ್ಷೇಪ ಇರುವುದು ಎರಡನೇ ಸಲ ಎನ್ನುವುದಕ್ಕೆ.

ಈ ಸಲಹೆಯ ಬಗ್ಗೆ ಎರಡು ಕಡೆಯಿಂದ ದೂರು ಬಂತು. ಮಾಡಿದ್ದು ತಪ್ಪೆಂದು ಯಾಕೆ ಹೇಳಲಿಲ್ಲ ಎಂದು ಸಭೆಯವರೊಬ್ಬರು. ಯಾರಿಗೂ ಗೊತ್ತಾಗದಿದ್ದದ್ದನ್ನು ಬಯಲಿಗೆಳೆದು ಹುಡುಗನ ಭವಿಷ್ಯ ಕೆಡಿಸಿದಿರಿ ಎಂದು ಅವನ ಹಿತೈಷಿಗಳು. ಮೊದಲನೆಯದಕ್ಕೆ ಉತ್ತರ: ತಪ್ಪು ಸರಿ ಹೇಳುವ ಅಧಿಕಾರ ಅವನನ್ನು ಕಳಿಸಿದ ಸಭೆಯದು, ಆಪ್ತಸಲಹೆಗಾರರದಲ್ಲ. ಎರಡನೆಯದು ಹೆಚ್ಚು ಗಂಭೀರ. ನಾಳೆ ಪ್ರೆಸ್ಬಿಟರ್ ಆದವನು ವರ್ಷಕ್ಕೆ ಎಷ್ಟೋ ಕೂಸುಗಳನ್ನು ತೋಳಿನಲ್ಲಿ ಹಿಡಿದು ನೀರು ಹಾಕಬೇಕು. ತನಗೆ ಹಾಗೆ ಆದದ್ದು ಸುಳ್ಳೆಂದು ಒಳಗೊಳಗೇ ನಂಬಿರುವವನು ಪ್ರತಿ ಸಲವೂ ಆ ತಾಯಂದಿರಿಗೆ ಸುಳ್ಳು ಹೇಳಿದ ಹಾಗೆ. ಹಾಗಾಗಿ ಆತನಿಗೆ ಇಟ್ಟ ನಿಜವಾದ ಪ್ರಶ್ನೆ ಇದು: ವಾರಾಂತ್ಯದ ಸೇವೆಗೆ ಹೋಗುವ ಸಭೆಯಲ್ಲಿ ಮುಂದಿನ ಶಿಶುದೀಕ್ಷಾಸ್ನಾನ ನಡೆದಾಗ ಹತ್ತಿರ ನಿಂತು ನೋಡಿ, ಈ ಕೆಲಸ ನನ್ನ ಕೈಯಿಂದ ಮನಃಪೂರ್ವಕವಾಗಿ ಆಗುತ್ತದೆಯೇ ಎಂದು ಕೇಳಿಕೊಳ್ಳಿ. ಆಗುವುದಿಲ್ಲವಾದರೆ ಅದೂ ಗೌರವದ ಉತ್ತರವೇ, ಆದರೆ ಆಗ ಬೇರೆ ಸಭೆಯ ದಾರಿ ಹಿಡಿಯಬೇಕು.

ಆತ ಪಡೆಯಲಿರುವ ಬಿ.ಡಿ. ಪದವಿ ಬಂಗಾಳದ ಸೆರಾಂಪುರ ಕಾಲೇಜಿನ ಸೆನೆಟ್ಟಿನದು. ಆ ಕಾಲೇಜನ್ನು 1818ರಲ್ಲಿ ಕಟ್ಟಿದವರಲ್ಲೊಬ್ಬರಾದ ಮಿಷನರಿ ವಿಲಿಯಂ ಕೇರಿ ಚರ್ಚ್ ಆಫ್ ಇಂಗ್ಲೆಂಡ್ ಸಭೆಯಲ್ಲಿ ಶಿಶುವಾಗಿದ್ದಾಗ ದೀಕ್ಷಾಸ್ನಾನ ಪಡೆದು, 1783ರಲ್ಲಿ ನೆನ್ ನದಿಯಲ್ಲಿ ಮತ್ತೆ ಮುಳುಗಿ ಎದ್ದವರು. 1812ರಲ್ಲಿ ಶಿಶುದೀಕ್ಷಾಸ್ನಾನ ಕೊಡುವ ಅಮೆರಿಕದ ಕಾಂಗ್ರಿಗೇಶನಲ್ ಸಭೆಗಳ ಸಂಸ್ಥೆ ಕಳಿಸಿದ ಮಿಷನರಿ ಅಡೋನಿರಾಮ್ ಜಡ್ಸನ್, ಹಡಗಿನಲ್ಲಿ ಗ್ರೀಕ್ ಓದುತ್ತಲೇ ಮನಸ್ಸು ಬದಲಿಸಿ, ಕಲ್ಕತ್ತೆಯಲ್ಲಿ ಕೇರಿಯವರ ಜೊತೆಗಾರ ವಿಲಿಯಂ ವಾರ್ಡ್ ಅವರ ಕೈಯಿಂದ ಸ್ನಾನ ಪಡೆದರು. ಕಳಿಸಿದ ಸಂಸ್ಥೆಗೆ ತಾವೇ ಕಾಗದ ಬರೆದು ಸಂಬಂಧ ಬಿಟ್ಟುಕೊಟ್ಟರು, ಹಣದ ಆಸರೆ ಇಲ್ಲದ ಪರದೇಶದಲ್ಲಿ. ಈ ಎರಡು ಪ್ರಸಂಗಗಳನ್ನು ಹುಡುಗನಿಗೆ ಹೇಳಿದ್ದು ಅವರು ಮಾಡಿದ್ದು ಸರಿ ಎಂದು ತೋರಿಸಲಿಕ್ಕಲ್ಲ. ಬಚ್ಚಿಡದೆಯೂ ಹೀಗೆ ಮಾಡಬಹುದಿತ್ತು ಎಂದು ತಿಳಿಯಲಿ ಎಂದು.

ಹಾಸ್ಟೆಲ್ ವಾರ್ಡನ್ನರಿಗೂ ಒಂದು ಮಾತು. ಸಾಕ್ಷಿಯ ಕೂಟಗಳಲ್ಲಿ “ಯಾವಾಗ ರಕ್ಷಣೆ ಆಯಿತು” ಎಂದು ಶುರುಮಾಡಬೇಡಿ. “ಯಾರಿಂದ ನಂಬಿಕೆ ನಿನ್ನ ತನಕ ಬಂತು” ಎಂದು ಕೇಳಿ. ತಾರೀಖು ಇರುವವರಿಗೂ ಇಲ್ಲದವರಿಗೂ ಈ ಪ್ರಶ್ನೆಗೆ ಉತ್ತರ ಇರುತ್ತದೆ. ಮೊದಲ ವರ್ಷದ ಮೊದಲ ತಿಂಗಳಲ್ಲೇ ಎಲ್ಲ ಸಭೆಗಳ ದೀಕ್ಷಾಸ್ನಾನದ ಕ್ರಮವನ್ನು ಒಂದೆಡೆ ಕೂರಿಸಿ ಪಾಠ ಮಾಡಿದರೆ ರಾತ್ರಿ ಹತ್ತರ ನಂತರದ ಪಾಠ ಅರ್ಧ ಕಡಿಮೆಯಾಗುತ್ತದೆ.

ತಂದೆ ಮೂರು ದಿನ ಮಾತಾಡಲಿಲ್ಲವಂತೆ. ನಾಲ್ಕನೆಯ ದಿನ ಬಸ್‌ಸ್ಟ್ಯಾಂಡಿನವರೆಗೆ ಬಂದು ಬಿಟ್ಟರಂತೆ. ಬಿಷಪ್ಪರು ಕರೆಸಿ ಮಾತಾಡಿದ್ದಾರೆ. ಅಭ್ಯರ್ಥಿತನವನ್ನು ಒಂದು ವರ್ಷ ತಡೆಹಿಡಿದಿದ್ದಾರೆ, ಓದು ನಡೆದಿದೆ. ಶಿಶುದೀಕ್ಷಾಸ್ನಾನವನ್ನು ಹತ್ತಿರ ನಿಂತು ನೋಡುವ ಅವಕಾಶ ಈಸ್ಟರಿನ ಮರುವಾರ ಸಿಕ್ಕಿತು. ಕೂಸನ್ನು ಎತ್ತಿಕೊಂಡು ಬಂದದ್ದು ಅದರ ಅಜ್ಜಿ ಎಂದಷ್ಟೇ ಆತ ಹೇಳಿದ, ಉತ್ತರ ಇನ್ನೂ ಹೇಳಿಲ್ಲ.